ಎರಡು ಬೆರಳು ನೀರು

ಇದು ಸ್ಟೋರಿನ ಕೀ. ಬಾಗಿಲನ್ನು ಸ್ವಲ್ಪ ಎತ್ತಿ ತಿರುಗಿಸಬೇಕು,
ಷಂಸೀನಾ, ಇಲ್ಲದಿದ್ದರೆ ಹಟ ಮಾಡುತ್ತದೆ.
ಒಳಗೆ ಹೋದ ಕೂಡಲೇ ಲೈಟ್ ಹಾಕಬೇಡ.
ಮೊದಲು ಕಿಟಕಿ. ಸ್ವಲ್ಪ ನಿಲ್ಲು. ಆಮೇಲೆ ಲೈಟ್.

ಆಸಿಡ್‌ಗಳೆಲ್ಲ ಜೋರು ಬಾಯಿಯವು,
ಹೊಗೆ ಬಿಡುತ್ತವೆ, ಸೀರೆ ತೂತು ಮಾಡುತ್ತವೆ,
ಅವುಗಳ ಹೆದರಿಕೆ ತಾನಾಗಿ ಬರುತ್ತದೆ.
ನಾನು ಹೇಳಲಿಕ್ಕಿರುವುದು ಕೆಳಗಿನ ಹಲಗೆಯ
ಈ ಕಂದು ಬಾಟ್ಲಿಯ ವಿಷಯ.
ಕಾರ್ಬನ್ ಡೈಸಲ್ಫೈಡ್.
ಲೇಬಲಿನ ಕನ್ನಡ ನನ್ನದು, ಮಲಯಾಳ ಜಾನಕಿ ಟೀಚರದ್ದು,
ತಲೆಬುರುಡೆ ಮಾತ್ರ ಕಂಪೆನಿಯದ್ದು.

ನೋಡು, ಮೇಲೆ ಎರಡು ಬೆರಳು ನೀರು ಉಂಟು.
ಕಲಬೆರಕೆ ಅಲ್ಲ, ಹೊದಿಕೆ.
ನೀರಿಗಿಂತ ಭಾರ ಇದು, ಅಡಿಯಲ್ಲಿ ಮಲಗಿರುತ್ತದೆ.
ಸೋಮವಾರ ಸೋಮವಾರ ಬೆರಳಿಟ್ಟು ಅಳೆ, ಹೊರಗಿಂದ.

ಇದಕ್ಕೆ ಕಡ್ಡಿ ಗೀರಬೇಕೆಂದಿಲ್ಲ,
ಚಾ ಕುದಿಯುವಷ್ಟು ಬಿಸಿ ಸಾಕು.
ಆವಿ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ
ಬೆಂಚುಗಳ ಕಾಲೆಡೆಯಲ್ಲಿ, ಮೀನಿನ ವಾಸನೆ ಸಿಕ್ಕಿದ ಬೆಕ್ಕಿನ ಹಾಗೆ.
ಒಂದು ವರ್ಷ, ಗಂಧಕದ ಹರಳು ಮಾಡುವ ಪಾಠ.
ಆ ಮೂಲೆಯಲ್ಲಿ ಹಾಟ್‌ಪ್ಲೇಟು, ಆಗಲೇ ಆರಿಸಿದ್ದು,
ಕೆಂಪು ಕೂಡ ಇರಲಿಲ್ಲ. ಹುಡುಕಿಕೊಂಡು ಹೋಯಿತು.
ಹಗಲಲ್ಲಿ ಕಾಣದಷ್ಟು ತೆಳುವಾದ ನೀಲಿ.
ಬಾಲಗೋಪಾಲ ಮಾಸ್ಟ್ರ ಎಡಹುಬ್ಬು ಮತ್ತೆ ಬರಲೇ ಇಲ್ಲ.
ಅದು ರಿಜಿಸ್ಟರಿನಲ್ಲಿ ಉಂಟು, ಪುಟ ಹದಿನಾಲ್ಕು.

ಇಲ್ಲದ್ದೂ ಒಂದುಂಟು.

ನನಗಿಂತ ಮೊದಲು ಇಲ್ಲಿದ್ದವರು ಕೊರಗಪ್ಪಣ್ಣ.
ಗಾಳಿಗೆ ಚೀಟಿ ಹಾರುತ್ತದೆಂದು ಕಿಟಕಿ ಮುಚ್ಚಿ
ಬಾಟ್ಲಿಯಿಂದ ಬಾಟ್ಲಿಗೆ ಬರಿಗೈಯಲ್ಲಿ ಹೊಯ್ಯುತ್ತಿದ್ದರು,
ಹದಿನೇಳು ವರ್ಷ.
ಕೊಳೆತ ಮುಳ್ಳಂಗಿಯ ನಾತ, ಹತ್ತು ನಿಮಿಷದಲ್ಲಿ ಅಭ್ಯಾಸ.
ಮೂಗನ್ನು ನಂಬಬೇಡ.
ಆಮೇಲಾಮೇಲೆ ಅವರ ಚಪ್ಪಲಿ ದಾರಿಯಲ್ಲಿ ಸಿಗತೊಡಗಿತು:
ಕುಂಬಳೆ ಬಸ್‌ಸ್ಟ್ಯಾಂಡಿನೆದುರು ಒಂದು, ಮೆಟ್ಟಿಲಲ್ಲಿ ಒಂದು.
ಜಾರಿದ್ದು ಕಾಲಿಗೇ ಗೊತ್ತಿಲ್ಲ.
ಕುಡಿಯುತ್ತಾರೆ ಅಂದರು. ಆಫೀಸಿನಲ್ಲಿ ಅಂದರು, ಮನೆಯಲ್ಲೂ ಅಂದರು.
ನಾನೂ ಅಂದೆ.
ಗಡಂಗಿನ ಹೊಸ್ತಿಲು ತುಳಿದವರಲ್ಲ ಅವರು.
ಮಂಗಳೂರಿನ ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿ
ನೋವುಂಟಾ ಎಂದರೆ
ಕೊರಗಪ್ಪಣ್ಣ ಕೇಳಿದರಂತೆ, "ಚುಚ್ಚಿ ಆಯಿತಾ?"

ಅಪಘಾತದ ಕಾಲಮ್ಮಿನಲ್ಲಿ ತಾರೀಕು ಬರೆಯಬೇಕು.
ಯಾವ ತಾರೀಕು ಬರೆಯುವುದು?

ಫ್ಯಾನಿನ ಸ್ವಿಚ್ಚು ಹೊರಗೆ ಹಾಕಿಸಿದ್ದು ನಾನು,
ಮೂರು ಪ್ರಿನ್ಸಿಪಾಲರ ಕಾಲ ಹಿಡಿಯಿತು.
ಉಳಿದದ್ದನ್ನು ಸಿಂಕಿಗೆ ಹೊಯ್ಯಬೇಡ,
ಕೊಳವೆಯ ಬಗ್ಗಿನಲ್ಲಿ ಕೂತು ಕಾಯುತ್ತದೆ.
ಬೇರೆ ಡಬ್ಬಿ ಉಂಟು, ಮುಚ್ಚಳ ಬಿಗಿ ಇರಲಿ.

ಇಲ್ಲಿ ಸಹಿ ಹಾಕು. ಮೇ ಮೂವತ್ತೊಂದು.
ಬೀಗ ನೀನೇ ಹಾಕು, ಅಭ್ಯಾಸ ಆಗಲಿ.
ನನ್ನ ಚಪ್ಪಲಿ ಎಲ್ಲಿ ಬಿಟ್ಟೆ ಮಾರಾಯ್ತಿ,
ಬಾಗಿಲ ಹತ್ತಿರ ಕಾಣುವುದಿಲ್ಲ...

ಹೋ. ಕಾಲಿನಲ್ಲೇ ಉಂಟು.