ಗುತ್ತ್ಯಪ್ಪನ ಪೆಟ್ಟಿಗೆ

ಸೊರಬದ ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಇದೆ.
ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ಅವ್ವನ ಕನ್ನಡಕ
ಎಲ್ಲ ಅದರೊಳಗೇ.
ಮರ ಕೆಂಪು. ಈ ಕಡೆಯದಲ್ಲ.
ಬೀಟೆಯಲ್ಲ, ಹೊನ್ನೆಯಲ್ಲ,
ಮೂಗಿಗೆ ಹಿಡಿದರೆ ಏನೂ ಇಲ್ಲ,
ತೊಳೆದು ಕವುಚಿದ ತಟ್ಟೆಯ ಹಾಗೆ.

ಮಾಡಿದವನು ಗುತ್ತ್ಯಪ್ಪ,
ನನ್ನ ಅಜ್ಜನ ದೊಡ್ಡಪ್ಪ.
ಗಂಧದ ಕೋಠಿಯಲ್ಲಿ ತೂಕ ಮಾಡುವಾಗ
ಮಾತಿಗೆ ಮಾತು ಬೆಳೆದು
ಕೈಯಲ್ಲಿದ್ದ ಕೊಡತಿ ಬೀಸಿದ, ಒಂದೇ ಸಲ.
ಕಾವಲಿನವನು ಏಳಲಿಲ್ಲ.
ಉಳಿಯ ತಲೆಗೆ ಮೆತ್ತಗೆ ಬೀಳುವುದೊಂದೇ
ಆ ಕೊಡತಿಗೆ ಗೊತ್ತಿತ್ತು ಎಂದು
ನಮ್ಮ ಮನೆಯಲ್ಲಿ ಹೇಳುತ್ತಾರೆ.
ಕಾವಲಿನವನ ಮನೆಯಲ್ಲಿ ಏನು ಹೇಳುತ್ತಾರೋ.

ಶಿವಮೊಗ್ಗೆಯಲ್ಲಿ ವಿಚಾರಣೆ, ಅಲ್ಲಿಂದ ಬೇಡಿ,
ಬೇಡಿಯಲ್ಲೇ ಮದರಾಸು, ಮದರಾಸಿನಿಂದ ಹಡಗು.
ದಂಡಾವತಿಯ ಹೊರತು ಬೇರೆ ನೀರು ಕಂಡವನಲ್ಲ.

ಇಲ್ಲಿ ಭಟ್ಟರು ಲೆಕ್ಕ ಹಾಕಿದರು:
ಕರಿನೀರು ದಾಟಿದವನು ಬದುಕಿದ್ದರೂ ಹೋದವನೇ.
ದರ್ಭೆಯಲ್ಲಿ ಒಂದು ಆಳು ಕಟ್ಟಿ
ಹೊಳೆದಂಡೆಯಲ್ಲಿ ಸುಟ್ಟರು.
ಹುಲ್ಲು ಎಷ್ಟು ಹೊತ್ತು ಉರಿದೀತು?
ಚೌಡಮ್ಮನ ಬಳೆ ಒಡೆಯುವಷ್ಟರಲ್ಲಿ ಆರಿತ್ತು.
ಅವಳಿಗೆ ಆಗ ಹತ್ತೊಂಬತ್ತು.

ಹದಿನೇಳು ವರ್ಷದ ಮೇಲೆ
ಮಾಪಿಳ್ಳೆ ಮರದ ವ್ಯಾಪಾರಿಯೊಬ್ಬ
ಗಾಡಿಯಿಂದ ಇಳಿಸಿ ಹೋದದ್ದು ಇದು.
ಒಳಗೆ ಕೊರಳಿಗೆ ಕಟ್ಟುವ ಮರದ ಬಿಲ್ಲೆ, ಅದರ ಮೇಲೆ ನಂಬರು,
ಮತ್ತು ಯಾರದೋ ಕೈಬರಹದ ಕಾಗದ:

'ಇಲ್ಲಿ ಕ್ಷೇಮ. ನಂಬರು ಬಿಚ್ಚಿದ್ದಾರೆ.
ಕಾಡು ಕಡಿದಷ್ಟು ಭೂಮಿ, ಒಂದು ಎಮ್ಮೆ.
ಹೆಂಗಸರ ಜೈಲಿನ ಅಂಗಳದಲ್ಲಿ ಸಾಲು ನಿಲ್ಲಿಸಿದ್ದರು,
ಒಬ್ಬಳು ನನ್ನ ಕೈ ನೋಡಿ ಒಪ್ಪಿದಳು.
ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ.
ಏನು ಮಾಡಿ ಬಂದಳೆಂದು ನಾನು ಕೇಳಿಲ್ಲ, ಅವಳೂ ಕೇಳಿಲ್ಲ.
ಮರ ಬೇಕಾದಷ್ಟು. ಒಂದಕ್ಕೂ ವಾಸನೆಯಿಲ್ಲ.
ಈ ಕಡೆ ಬರುವವರು ಯಾರಾದರೂ ಇದ್ದರೆ
ಗಂಧದ ಹೊಟ್ಟು ಒಂದು ಹಿಡಿ ಕಳಿಸುವುದು.'

ಕಳಿಸಲಿಲ್ಲ.
ಸುಟ್ಟವನಿಗೆ ಏನು ಕಳಿಸುವುದು, ಯಾವ ಗಾಡಿಯಲ್ಲಿ?

ಪೆಟ್ಟಿಗೆ ಹೊಸಿಲು ದಾಟಬಾರದೆಂದರು.
ಕೊಟ್ಟಿಗೆಯ ಅಟ್ಟಕ್ಕೆ ಹೋಯಿತು.
ಅದಕ್ಕೂ ಮೊದಲು ಚೌಡಮ್ಮ ಎತ್ತಿ ಮೂಸಿದಳಂತೆ,
'ಇದು ಅವನಲ್ಲ' ಅಂದಳಂತೆ.

ಮುಚ್ಚಳದ ಮೇಲೆ ನಮ್ಮ ಮನೆಯದೇ ಬಳ್ಳಿ,
ನಮ್ಮದೇ ಹಂಸ, ಕೊಕ್ಕಿನ ಆ ತಿರುವೂ ನಮ್ಮದೇ.
ತಳದಲ್ಲಿ, ಯಾರೂ ಮಗುಚಿ ನೋಡದ ಕಡೆ,
ತೆಂಗಿನಕಾಯಿ ಅಪ್ಪಿಕೊಂಡ ದೊಡ್ಡದೊಂದು ಏಡಿ,
ಪಕ್ಕದಲ್ಲಿ ಅಗಲ ಹಣೆಯ ಹೆಂಗಸು.
ಚೌಡಮ್ಮ ಮಗುಚಿದಳೋ ಇಲ್ಲವೋ ಗೊತ್ತಿಲ್ಲ.
ಹೊಸದಾಗಿ ಮದುವೆಯಾಗಿ ಬಂದ ನನ್ನ ಅಜ್ಜಿ ಕಂಡದ್ದು ಇಷ್ಟು:
ಕೆತ್ತುವ ಜಗಲಿ ಗುಡಿಸಿದ ದಿನ, ಹಾಲು ಕರೆಯುವ ನೆಪದಲ್ಲಿ,
ಸೆರಗಿನ ಗಂಟು ಬಿಚ್ಚಿ
ಅಟ್ಟಕ್ಕೆ ಕೈ ಚಾಚುತ್ತಿದ್ದಳು ಮುದುಕಿ.
ಅವಳು ಹೋದ ಮೇಲೆ ಇಳಿಸಿ ತೆಗೆದರೆ
ಕಂಠಮಟ್ಟ ಹೊಟ್ಟು. ಗಂಧದ್ದು.
ಬಿಲ್ಲೆ ಅದರಲ್ಲಿ ಹೂತುಹೋಗಿತ್ತು.

ಅಜ್ಜಿ ಅದನ್ನು ಚೆಲ್ಲಲಿಲ್ಲ.
ಚಿಕ್ಕವನಿದ್ದಾಗ ಮೂಗು ತೂರಿಸಿ
ನಾನೂ ಬೈಸಿಕೊಂಡಿದ್ದೇನೆ.

ಈಗ ನಮ್ಮ ಪಾಲಿಗೆ ಗಂಧ ಬರುವುದೇ ಅಪರೂಪ.
ಶಿವನೆ ಕೆತ್ತುತ್ತೇನೆ,
ಮೇಲೆ ಸೀಸೆಯ ಎಣ್ಣೆ ಸವರುತ್ತೇನೆ.
ಗಿರಾಕಿ ಮೂಸಿ ತಲೆಯಾಡಿಸುತ್ತಾನೆ.
ಅವನು ತಲೆಯಾಡಿಸಿದಾಗೆಲ್ಲ
ನನ್ನ ಕಣ್ಣು ಗ್ಯಾಸಿನ ಪುಸ್ತಕದ ಪೆಟ್ಟಿಗೆಗೆ ಹೋಗುತ್ತದೆ.
ಗುತ್ತ್ಯಪ್ಪ ಎಣ್ಣೆ ಸವರಲಿಲ್ಲ.

ಹೋದ ತಿಂಗಳು ಯಾವುದೋ ಸಮಾರಂಭಕ್ಕೆ
ನೂರು ಸ್ಮರಣಿಕೆ ಬೇಕೆಂದರು.
ತೊಂಬತ್ತೊಂಬತ್ತಕ್ಕೆ ಹಂಸ ಸಾಕು.
ಉಳಿದ ಒಂದರ ತಳದಲ್ಲಿ ಏಡಿ ಕೆತ್ತಿದೆ,
ರಾತ್ರಿ ಎರಡರವರೆಗೆ ಕೂತು.

ಎಣಿಸಿಕೊಳ್ಳಲು ಬಂದ ಹುಡುಗ ಮಗುಚಿ ನೋಡಿದ.
ಇದೇನು ಅಂದ. ನಮ್ಮ ಮನೆತನದ್ದು ಅಂದೆ.
ಮೂಸಿದ.
'ಇದೊಂದಕ್ಕೆ ವಾಸನೆ ಹಚ್ಚುವುದು ಮರೆತಿದ್ದೀರಿ.'
ಇಲ್ಲ ಮಾರಾಯ, ಅಂದೆ,
ಅದು ಹಾಗೇ ಹೋಗಲಿ.