ಒಂದು ಬೀಜಕ್ಕ ನೂರು ಮಂದಿ

ಐತವಾರ ರಾತ್ರಿ ಬ್ಯಾಡಗಿಯೊಳಗ ದಂಡು ಇಳಿಸಬೇಕಂದ್ರ
ಮೊದಲ ಸಾವಕಾರ್ರ ಫ್ಯಾನು ಬಂದ್ ಮಾಡಬೇಕು.

ದಲಾಲಿ ಅಂಗಡಿ ಹಿಂದಿನ ಖೋಲಿ. ನಾಳೆ ಪ್ಯಾಟಿ.
ಗ್ವಾಡಿಗೆ ಆನಿಸಿದ ಚೀಲಗಳ ನಡುವ ಒಂದು ಟೇಬಲ್ಲು,
ಅದರ ಮ್ಯಾಲ ಹಳೇ ಖಾತೆಯ ಹಾಳಿ,
ಹಾಳಿ ಮ್ಯಾಲ ನಾ ಬರದ ದೇಶ:
ನೀಲಿ ಶಾಯಿ ಹೊಳಿ, ಚಹಾದ ಕಲಿ ಮರಳುಗಾಡು,
ಎರಡು ಕಿಲೋದ ತೂಕದ ಕಲ್ಲು ಕ್ವಾಟಿ.

ಮೂರು ವರ್ಷ ಈ ಮೂವರು ನಡದ್ರು ಇಲ್ಲಿ.
ಕಳ್ಳರ ಗವಿ, ಹಾಳು ಬಾವಿ, ಮಾತಾಡೂ ಕತ್ತಿ.
ಹತ್ತು ಮಂದಿ ಎದುರು ಬಂದ್ರ ಹತ್ತು ಸಲ ದಾಳ ಒಗೀತಿದ್ವಿ.
ಈಗ ಎರಡೂ ಕಡೆ ಕೂಡಿ ನಲವತ್ತು ಸಾವಿರ.
ಅಷ್ಟು ಸಲ ದಾಳ ಒಗಕೋತ ಕುಂತ್ರ
ಮುಂದಿನ ಸುಗ್ಗಿ ಬಂದು ಹೋಗಿರ್ತೈತಿ.

ಅದಕ್ಕ ಗುಮಾಸ್ತನ ಬುದ್ಧಿ ಓಡಿಸಿದೆ:
ಒಂದು ಬೀಜಕ್ಕ ನೂರು ಮಂದಿ.
ಕಸಬರಿಗಿ ಹಿಡದು ನೆಲಾ ಬಳದ್ರ ಸಾಕು, ದಂಡು ತಯಾರ.
ನಮ್ಮವು ನೂರಾ ಎಂಬತ್ತು ಮೆಣಸಿನಕಾಯಿ ಬೀಜ,
ಅವರವು ಇನ್ನೂರಾ ಇಪ್ಪತ್ತು ಸಾಸಿವಿಕಾಳು,
ಗುರುತಿಗೆ ಮುಂದೊಂದು ಗೊಂಜಾಳ ಕುದುರಿ, ಹಿಂದೊಂದು ಹುಣಸಿ ಬೀಜ ಆನಿ.
ಎಡಬಗಲಿಗೆ ಒಂದ ದಾಳ, ಬಲಬಗಲಿಗೆ ಒಂದ ದಾಳ,
ಇಪ್ಪತ್ತು ಮಾರಿಯ ದಾಳ ಯಾವ ಮಾರಿ ತೋರಸ್ತೈತೋ ಅದ ಹಣೇಬರಹ.
ಕಿರ್ದಿಯೊಳಗ ಎಡಕ್ಕ ಜಮಾ, ಬಲಕ್ಕ ಖರ್ಚು.

ಫಕ್ಕೀರೇಶ ದಂಡಿನ ದೊರಿ. ನಗತಾನ:
"ಬ್ಯಾಡಗಿ ಕಾಯಿ ಆತಲ್ಲೋ ನಿನ್ನ ಯುದ್ಧ,
ಬಣ್ಣ ಭಾಳ, ಖಾರ ಕಮ್ಮಿ."

ಕೇಳಿಸಿಲ್ಲದಂಗ ನಾ ಓದಿದೆ:
ಬಲಬಗಲು ಮುರೀತು. ಎರಡು ಸಾವಿರದ ನಾಕನೂರು ಖರ್ಚು.
ಹೊಳಿ ದಾಟಿದ್ರು. ಹನ್ನೊಂದನೂರು ಖರ್ಚು.
ಗಡಿಯಾರ ಹನ್ನೊಂದು ಹೊಡೀತು. ಮೈನುದ್ದೀನ ಆಕಳಿಸಿದ,
ಮಂತ್ರವಾದಿ ಆದ್ರೇನು, ಬೆಳಗಿನ ಪಾಳಿ ಅವಂದು ಕೋಲ್ಡ್ ಸ್ಟೋರೇಜಿನಾಗ.

ಅವಾಗ ಪ್ರಮೀಳಾ,
ಹಗಲೆಲ್ಲ ಲ್ಯಾಬಿನಾಗ ಕಾಯಿ ಬಣ್ಣ ಅಳಿಯೂ ಹುಡುಗಿ,
ರಾತ್ರಿ ನಮ್ಮ ಬಿಲ್ಲುಗಾರ್ತಿ, ಒಂದ ಮಾತು ಕೇಳಿದ್ಲು:
"ನಾ ಎಲ್ಲಿ ನಿಂತೇನಿ?"

ಎಲ್ಲಿ ನಿಂತಾಳ?
ಇಷ್ಟು ಹೊತ್ತು ಹದ್ದಿನಂಗ ಮ್ಯಾಲಿಂದ ಮಾತಾಡಿದ್ದೆ.
ಕೆಳಗ ಇಳದೆ. ಮೊಣಕಾಲ ಮಟ ರಾಡಿ.
"ನಿನ್ನ ಮುಂದ ಒಬ್ಬ ಹುಡುಗ. ಕೈಯಾಗ ಬಾವುಟದ ಕೋಲು.
ರಾಡಿಯೊಳಗ ಒಂದು ಕೆರ ಸಿಕ್ಕೈತಿ,
ಬಾಣ ಬರಾಕ ಹತ್ಯಾವ, ಅಂವ ಕೆರ ಹುಡಕ್ತಾನ."
"ಹೆಸರು?"
ಹೆಸರು ಇಟ್ಟಿರಲಿಲ್ಲ. ಬಾಯಿಗೆ ಬಂತು: "ಗಿಡ್ಡ್ಯಾ."

ಮುಗೀತು. ಆಮ್ಯಾಲ ಯಾರೂ ಆಕಳಿಸಲಿಲ್ಲ.
ಹದಿನೆಂಟು ಸಾವಿರ ಮಂದಿ ಹಿಂದ ಬಿದ್ರು,
ಮೂರೂ ಮಂದಿ ಒಂದು ಕೆರಕ್ಕಾಗಿ ಬಡದಾಡಿದ್ರು.
ದೊರಿ ಕುದುರಿ ಇಳದ. ಮಂತ್ರವಾದಿ
ಕ್ವಾಟಿ ಸುಡಾಕ ಕೂಡಿಟ್ಟ ಬೆಂಕಿ ಎಲ್ಲಾ
ಹುಡುಗನ ಸುತ್ತ ರಾಡಿ ಒಣಗಸಾಕ ಸುರದ.
ಅಷ್ಟರಾಗ ಖರೇನ ಒಂದು ಸೀನು ಬಂತು ಮೈನುದ್ದೀನಗ,
ಟೇಬಲ್ಲಿನ ಮ್ಯಾಲ ಸುಂಟರಗಾಳಿ!
ಸಾಸಿವಿ ಚೀಲದ ಸಂದ್ಯಾಗ ಹಾರಿತು,
ನಮ್ಮ ಬೀಜ ನಮ್ಮ ಮಾರಿಗೇ ಬಂದ್ವು.
"ಸೀನು ಲೆಕ್ಕಕ್ಕ ಇಲ್ಲ" ಅಂದ ಫಕ್ಕೀರೇಶ.
"ಐತಿ" ಅಂದೆ. "ಯುದ್ಧದಾಗ ಗಾಳಿ ಯಾರ ಮಾತು ಕೇಳ್ತೈತಿ?"

ಒಂದೂವರಿಗೆ ಅವರು ಹೋದ್ರು. ಯಾರು ಗೆದ್ರು ಅಂತ ಕೇಳಲೇ ಇಲ್ಲ.
ನಾ ಕಿರ್ದಿ ಕೂಡಿಸಿದೆ:
ಸತ್ತಾವು ತೊಂಬತ್ತೇಳು, ಗಾಯ ಮೂವತ್ತೊಂದು,
ಉಳದಾವು ಐವತ್ತೊಂದು.
ನೂರಾ ಎಪ್ಪತ್ತೊಂಬತ್ತು.
ಒಂದು ಬೀಜ ಕಮ್ಮಿ.
ಬ್ಯಾಟರಿ ಹಚ್ಚಿ ಟೇಬಲ್ಲಿನ ಕೆಳಗ ಹೊಕ್ಕೆ,
ಈ ಊರಾಗ, ಈ ನೆಲದ ಮ್ಯಾಲ,
ಒಂದು ಮೆಣಸಿನಕಾಯಿ ಬೀಜ ಹುಡುಕಿದೆ.

ಮರುದಿನ ಸ್ವಾಮಾರ. ಟೆಂಡರು ತೆರದು ರೊಕ್ಕ ಎಣಿಸೂ ಹೊತ್ತು,
ರೂಢಿಯಂಗ ಹೆಬ್ಬಟ್ಟು ನಾಲಿಗಿಗೆ ಹಚ್ಚಿದೆ.
ಉಗುರಿನ ಸಂದಿಯಿಂದ ಏನೋ ನಾಲಿಗಿಗೆ ಇಳೀತು.
ಸಣ್ಣದು. ಖಾರ ಕಮ್ಮಿ. ಆದ್ರೂ ಖಾರ.
ಗಿಡ್ಡ್ಯಾ ಇದರೊಳಗ ಅದಾನೋ ಇಲ್ಲೋ.
ಉಗುಳಲಿಲ್ಲ. ನುಂಗಲೂ ಇಲ್ಲ.
"ಎಣಿಕಿ ತಪ್ಪೀತೇನೋ?" ಅಂದ್ರು ಸಾವಕಾರ್ರು.
"ಇಲ್ರೀ, ಈಗ ಕೂಡ್ತು" ಅಂದೆ,
ಬಾಯಿ ಪೂರಾ ತೆಗೀದ.