ಗಜಕ್ಕೆಷ್ಟು ಗಾಳಿ

ಮನಾಮಾದ ಸೂಕ್. ಮಧ್ಯಾಹ್ನದ ಬೀಗ ತೆಗೆದ ಹೊತ್ತು.
ಹಜ್ಜಿಯಾ ರಬಾಬ್ ಬಂದವಳೇ ಕೌಂಟರಿನ ಮೇಲೆ
ಟಿಶ್ಯೂ ಡಬ್ಬಿಯೊಂದನ್ನು ಇಟ್ಟಳು.
ಒಳಗೆ ಅಂಗೈಯಗಲ ಬಟ್ಟೆ,
ತಾಯಿಯ ಮದುವೆಯ ನಶಲಿನ ತುಂಡು.
ಒಂದು ಕಾಲಕ್ಕೆ ನೇರಳೆ, ಈಗ ಚಹಾ ಸೋಸಿದ ಬಣ್ಣ.
ಜರಿ ಯಾವತ್ತೋ ಅಕ್ಕಸಾಲಿಗನ ಪಾಲಾಗಿ
ಉಳಿದದ್ದು ಬರೀ ನೆಯ್ಗೆ.

"ಬದ್ಮ, ಇಂಥದೇ ಬೇಕು. ಐದು ವಾರ್."

(ಪದ್ಮನಾಭ ಶೆಟ್ಟಿಗಾರ ಅವಳ ಬಾಯಲ್ಲಿ ಬದ್ಮ.
ಅರಬ್ಬಿಗೆ ಪಕಾರವಿಲ್ಲ,
ನಾಭಿಯವರೆಗೆ ಹೋಗಲು ಅವಳಿಗೆ ಪುರುಸೊತ್ತಿಲ್ಲ.)

ಥಾನುಗಳನ್ನು ಇಳಿಸಿದೆ. ಶಿಫಾನ್, ಜಾರ್ಜೆಟ್, ಆರ್ಗಂಜಾ,
ಜಪಾನಿನ ವಾಯಿಲ್, ಸೂರತ್ತಿನ ನೆಟ್ಟು.
ಒಂದೊಂದನ್ನೂ ಮುಖಕ್ಕೆ ಹಿಡಿದು
ಬೀದಿಯ ಬೆಳಕಿಗೆ ತಿರುಗಿ ನಿಂತಳು.
ಅವಳ ಪರೀಕ್ಷೆ ಇಷ್ಟೇ:
ಎದುರಿನ ಮಸಾಲೆ ಅಂಗಡಿಯ ತಕ್ಕಡಿಯ ಮುಳ್ಳು
ಅವಳಿಗೆ ಕಾಣಬೇಕು;
ತಕ್ಕಡಿ ಹಿಡಿದವನಿಗೆ ಅವಳ ಹುಬ್ಬು ಕಾಣಬಾರದು.

ಒಂದಕ್ಕೆ ಅಂದಳು, "ಇದು ಗೋಡೆ."
ಇನ್ನೊಂದಕ್ಕೆ, "ಸೊಳ್ಳೆಪರದೆ."
ಮತ್ತೊಂದನ್ನು ಹೆಬ್ಬೆರಳಿಂದ ಮೆಲ್ಲಗೆ ತಳ್ಳಿದಳು,
ಎಳೆ ಜಾರಿ ಬಟ್ಟೆ ಬಾಯಿ ಬಿಟ್ಟಿತು.
"ಇದು ಸುಳ್ಳು."

ಡ್ರಾಯರಿನಿಂದ ಎಳೆ ಎಣಿಸುವ ಗಾಜು ತೆಗೆದೆ.
ಊರಿನ ನೇಕಾರರ ಸಂಘ ಹರಾಜಾದಾಗ ನನಗೆ ಬಂದ ಪಾಲು;
ಹಿತ್ತಾಳೆಯದು, ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.
ಕಣ್ಣಿಟ್ಟೆ.

ಹಾಸಿನ ಎಳೆ ಅಲ್ಲಿ ಒಂಟಿಯಾಗಿರಲಿಲ್ಲ.
ಜೋಡಿ ಜೋಡಿ. ಒಂದು ನೆಟ್ಟಗೆ ನಿಂತಿದೆ,
ಇನ್ನೊಂದು ಅದರ ಬೆನ್ನ ಹಿಂದಿನಿಂದ ದಾಟಿ
ಎಡಕ್ಕೊಮ್ಮೆ, ಬಲಕ್ಕೊಮ್ಮೆ,
ಪ್ರತಿ ದಾಟಿನಲ್ಲೂ ಹೊಕ್ಕಿನ ಕತ್ತು ಹಿಡಿದಿದೆ.
ಲಾಳಿ ಹೋಗುವಾಗ ಅರ್ಧ ತಿರುಚು,
ಬರುವಾಗ ಮರುತಿರುಚು.

ದಟ್ಟ ಬಟ್ಟೆಯಲ್ಲಿ ಎಳೆಗೆ ಎಳೆಯೇ ಆಸರೆ,
ತುಂಬಿದ ಬಸ್ಸಿನ ಹಾಗೆ, ಬೀಳಲು ಜಾಗವೇ ಇಲ್ಲ.
ತೆಳುವಿನಲ್ಲಿ ಪಕ್ಕದವನು ದೂರ.
ಸುಮ್ಮನೆ ಎಳೆ ಕಡಿಮೆ ಮಾಡಿದರೆ ಚಿಂದಿಯಾಗುತ್ತದೆ.
ತೂತು ತೂತಾಗಿಯೇ ಉಳಿಯುವುದಕ್ಕೆ
ನಾಲ್ಕೂ ಕಡೆ ಕಾವಲು ಬೇಕು.

ಜಾಲಿ ನೇಯುವ ದಿನ ದೊಡ್ಡಮ್ಮ ಮಾತಾಡುತ್ತಿರಲಿಲ್ಲ.
ಕುಣಿಯೊಳಗೆ ಕಾಲು, ತುಟಿಯಲ್ಲಿ ಒದ್ದೆ ನೂಲಿನ ತುದಿ.
ಒಂದು ದಾಟು ತಪ್ಪಿದರೆ ಗೇಣುದ್ದ ಬಿಚ್ಚಬೇಕು.
ಸಂಘದವರು ಕೂಲಿ ಕೊಡುತ್ತಿದ್ದದ್ದು ತೂಕಕ್ಕೆ.
ತೆಳು ನೇಯ್ದವಳಿಗೆ ಎಲ್ಲಿಯ ತೂಕ?
ಮೂರು ದಿನ ತುಳಿದದ್ದು ತಕ್ಕಡಿಯಲ್ಲಿ
ಹಿಡಿ ಮಂಡಕ್ಕಿ.
"ಗಾಳಿಗೂ ಕಾಸು ಕೇಳ್ತಾಳೆ" ಎಂದು
ಗುಮಾಸ್ತ ನಗುತ್ತಿದ್ದ. ಆಕೆ ಕೇಳಿಯೇ ಕೇಳುತ್ತಿದ್ದಳು.

ಹಾಸುಹೊಕ್ಕು ಎನ್ನಲು ನನ್ನ ಅಂಗಡಿ-ಅರಬ್ಬಿಯಲ್ಲಿ ಪದವಿಲ್ಲ.
ಎರಡು ತೋರುಬೆರಳು ಹೆಣೆದು ತೋರಿಸಿದೆ:
ಹಜ್ಜಿಯಾ, ಹೀಗೆ.
ಅವಳು ಮನೆಯ ಬೀಗದಕೈಯನ್ನು ಬೆರಳುಗಳ ನಡುವೆ ತೂರಿಸಿ
ಎಳೆದು ನೋಡಿದಳು. ಬರಲಿಲ್ಲ.
ನಕ್ಕಳು.

"ಬನೀ ಜಮ್ರಾದಲ್ಲಿ ನನ್ನ ಸೋದರಮಾವನೂ
ಹೀಗೇ ಕೂರುತ್ತಿದ್ದ. ಖರ್ಜೂರದ ಗರಿಯ ಚಪ್ಪರ,
ಸೊಂಟದ ತನಕ ನೆಲದೊಳಗೆ.
ಕರೆದರೆ ಓಗೊಡುತ್ತಿರಲಿಲ್ಲ.
ಕಿವುಡ ಅಂದುಕೊಂಡಿದ್ದೆವು."

ಇಂಥದು ಸಿಗುವುದಿಲ್ಲ, ಹಜ್ಜಿಯಾ.
ನೂಲು ಬೇಕಾದರೆ ಇದೇ ನಂಬರಿನದು ತರಿಸಬಹುದು.

"ನೂಲು ಎಲ್ಲ ಕಡೆ ಇದೆ, ಮಗನೇ.
ನಾನು ಕೇಳಿದ್ದು ತೂತು."

ಕೊನೆಗೆ ಎರಡು ವಾರ್ ಕಪ್ಪು ವಾಯಿಲ್ ಹರಿಸಿಕೊಂಡಳು,
ಮುನ್ನೂರು ಫಿಲ್ಸಿಗೆ ಕಾಲು ಗಂಟೆ ಚೌಕಾಸಿ,
ನಾನು ಸೋತೆ.
ತುಂಡನ್ನು ಡಬ್ಬಿಗೆ ಸೇರಿಸಿ, ಬೀದಿಯ ಬಿಸಿಲಿಗೆ ಇಳಿದಳು.

ಗಾಜಿನ ಪಕ್ಕ ಒಂದು ಜೋಡಿ ಎಳೆ ಉದುರಿತ್ತು.
ನಡುವಿನ ಹೊಕ್ಕು ಎಲ್ಲೋ ಜಾರಿಹೋಗಿದೆ,
ಇವು ಮಾತ್ರ ಸುತ್ತು ಬಿಟ್ಟಿಲ್ಲ,
ಅದಿದ್ದ ಜಾಗವನ್ನು ಹಿಡಿದೇ ಮಲಗಿವೆ.
ಎಸಿಯ ಗಾಳಿಗೆ ಅಲುಗಾಡಿದವು.
ಆರಿಸಿದೆ,
ಸೇಠ್ ಸೆಕೆಯೆಂದು ಬೈಯುವ ತನಕ.